ಒಂದೇ ದಿನದಲ್ಲಿ ಹರಿಹರ, ಕೂಡ್ಲಿ, ಸೂಳೆಕೆರೆ: ಆಗುತ್ತಾ?

ಹೊಳೆಸಾಲಿನ ಮಗ
ಎಲ್ಲರಿಗೂ ನಮಸ್ಕಾರ. ಬರೋ ಶನಿವಾರ ದಾವಣಗೆರೆಯಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶ. ಭಾನುವಾರ ಪೂರ್ತಿ ಖಾಲಿ, ಸೋಮವಾರ ಬೆಳಗ್ಗೆ ವಾಪಸ್ ಬೆಂಗಳೂರು. ಕಾರಲ್ಲಿ ನಾನು, ಹೆಂಡತಿ, 8 ವರ್ಷದ ಮಗಳು, ಅಮ್ಮ, ಅಪ್ಪ. ಅಪ್ಪನಿಗೆ 71, ಮಂಡಿನೋವು. ಅವರು ಹುಡುಗರಾಗಿದ್ದಾಗ ಹೊನ್ನಾಳಿಯಲ್ಲಿ ಓದಿದ್ದು. ಬಾಡಿಗೆ ಸೈಕಲ್ ತಗೊಂಡು ಹೊನ್ನಾಳಿಯಿಂದ ಸೂಳೆಕೆರೆವರೆಗೆ ತುಳಿದುಕೊಂಡು ಹೋಗಿದ್ದ ಕತೆ ನಾನು ಹುಟ್ಟಿದಾಗಿನಿಂದ ಕೇಳ್ತಿದ್ದೀನಿ. ಈ ಸಲ ಆ ಕೆರೆ ತೋರಿಸಲೇಬೇಕು ಅಂತ ಹಟ ಹಿಡಿದಿದ್ದಾರೆ.

ನಾನು ಹಾಕಿಕೊಂಡಿರೋ ದಾರಿ ಇದು: ದಾವಣಗೆರೆ, ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಶಿವಮೊಗ್ಗ (ಶಿವಪ್ಪ ನಾಯಕನ ಅರಮನೆ), ಕೂಡ್ಲಿ ಸಂಗಮ, ಭದ್ರಾವತಿ ದೇವಸ್ಥಾನ, ಲಕ್ಕವಳ್ಳಿ ಭದ್ರಾ ಡ್ಯಾಂ, ಚನ್ನಗಿರಿ, ಸೂಳೆಕೆರೆ, ಸಂತೇಬೆನ್ನೂರು ಪುಷ್ಕರಣಿ, ವಾಪಸ್ ದಾವಣಗೆರೆ. ಬೆಳಗ್ಗೆ 6ಕ್ಕೆ ಬಿಟ್ಟರೆ ರಾತ್ರಿ 8ಕ್ಕೆ ಬರಬಹುದು ಅನ್ನೋ ಲೆಕ್ಕ. ಮ್ಯಾಪ್ ಆರು ಗಂಟೆ ಡ್ರೈವಿಂಗ್ ಅಂತಿದೆ. ಆಗುತ್ತಾ? ಆ ಕಡೆಯವರು ಹೇಳಿ.

ಮಂಡಕ್ಕಿ ಮಿರ್ಚಿ
ಆಗಲ್ಲ.

ಮಂಡಕ್ಕಿ ಮಿರ್ಚಿ
ಒಂದೇ ಪದ ಬರೆದು ಹೋದೆ ಅಂತ ಬೈಬ್ಯಾಡ್ರಿ, ಬಸ್ಸಲ್ಲಿದ್ದೆ. ನೋಡ್ರಿ ಸರ, ನಾನು ದಾವಣಗೆರೆಯವನು. ನೀವು ಬರೆದಿದ್ದು ಎರಡು ದಿನದ ಪ್ರವಾಸ. ಮ್ಯಾಪಿಗೆ ನಿಮ್ಮ ತಂದಿಯವರ ಮಂಡಿ ಕಾಣಂಗಿಲ್ಲ. ನಿಮ್ಮ ಮಗಳು ಪ್ರತಿ ಮುಕ್ಕಾಲು ಗಂಟಿಗೊಮ್ಮೆ ಗಾಡಿ ನಿಲ್ಲಿಸ್ತಾಳ ಅನ್ನೋದೂ ಅದಕ್ಕೆ ಗೊತ್ತಿಲ್ಲ. ಹಿಂದಿನ ದಿನ ಗೃಹಪ್ರವೇಶದ ಹೋಳಿಗಿ ಊಟ ಹೊಡೆದು ಮರುದಿನ 6ಕ್ಕೆ ಐದು ಮಂದಿ ಮನಿ ಬಿಡ್ತೀರಿ ಅಂದ್ರ ನಾನಂತೂ ನಂಬಂಗಿಲ್ಲ.

ಬೆಂಕಿಪುರ
ಲಕ್ಕವಳ್ಳಿ ತೆಗೆದುಹಾಕಿ. ಭದ್ರಾವತಿಯಿಂದ ಆ ಕಡೆ ಹೋಗಿ ಮತ್ತೆ ಅದೇ ದಾರಿಯಲ್ಲಿ ಬರಬೇಕು, ಅರ್ಧ ದಿನ ಅಲ್ಲೇ ಹೋಗುತ್ತೆ. ಡ್ಯಾಂ ಹತ್ತಿರ ಒಳಗೆ ಬಿಡ್ತಾರೋ ಇಲ್ಲವೋ ಅದನ್ನೂ ಕೇಳಿಕೊಂಡೇ ಹೋಗಬೇಕು. ಭದ್ರಾವತಿ ಮಾತ್ರ ಬಿಡಬೇಡಿ. ಲಕ್ಷ್ಮೀನರಸಿಂಹ ದೇವಸ್ಥಾನ 13ನೇ ಶತಮಾನದ ಹೊಯ್ಸಳರ ಕೆಲಸ, ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ಜಗತಿ (ಗುಡಿ ನಿಂತಿರೋ ಕಟ್ಟೆ). ಬೇಲೂರು ಹಳೇಬೀಡಿನ ನೂಕುನುಗ್ಗಲು ಇಲ್ಲ, ಆರಾಮಾಗಿ ಸುತ್ತು ಹಾಕಬಹುದು.

ತುಂಗಾಪಾನ
ನಾನು ಶಿವಮೊಗ್ಗ. ಇಷ್ಟು ದೂರ ಬಂದವರು ಸಕ್ರೆಬೈಲಿನ ಆನೆ ಬಿಡಾರ ಬಿಟ್ಟಿದ್ದೀರಲ್ಲ ಮಾರಾಯ್ರೆ! ಮಗು ಇದೆ ಅಂತೀರಿ. ಬೆಳಗ್ಗೆ ಆನೆಗಳಿಗೆ ಹೊಳೇಲಿ ಸ್ನಾನ ಮಾಡಿಸ್ತಾರೆ, ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು? ಕಲ್ಲು ತೋರಿಸಿ ಏನು ಮಾಡ್ತೀರಿ.

ಮಂಡಕ್ಕಿ ಮಿರ್ಚಿ
@ತುಂಗಾಪಾನ ಅವರು ಲಿಸ್ಟ್ ಕಡಿಮಿ ಮಾಡೋದು ಹೆಂಗ ಅಂತ ಕೇಳ್ಯಾರ್ರಿ, ನೀವು ಜಾಸ್ತಿ ಮಾಡಾಕ ಹತ್ತೀರಿ. ಸಕ್ರೆಬೈಲು ತೀರ್ಥಹಳ್ಳಿ ರೋಡಿಗೆ, ಇವರು ಹೋಗೋದು ಅದರ ಉಲ್ಟಾ ದಿಕ್ಕಿಗೆ.

ಜೋಳದಾಳ್ ಜಂಕ್ಷನ್
ಎಲ್ಲರೂ ದೇವಸ್ಥಾನ, ಆನೆ ಅಂತಿದ್ದೀರಿ, ರಸ್ತೆ ಬಗ್ಗೆ ಒಬ್ಬರೂ ಹೇಳಲಿಲ್ಲ. ನಾನು ಅಡಿಕೆ ವ್ಯಾಪಾರದ ಕೆಲಸಕ್ಕೆ ವಾರಕ್ಕೆ ಎರಡು ಸಲ ಈ ದಾರಿ ಓಡಾಡುವವನು. ಮೂರು ಮಾತು ಹೇಳ್ತೀನಿ.

ಭದ್ರಾವತಿ ಸುತ್ತಿ ಚನ್ನಗಿರಿಗೆ ಹೋಗುವ ಅಗತ್ಯವೇ ಇಲ್ಲ. ಶಿವಮೊಗ್ಗದಿಂದ ಹೊಳೆಹೊನ್ನೂರು, ಜೋಳದಾಳ್, ಚನ್ನಗಿರಿ ನೇರ ಹೆದ್ದಾರಿ ಇದೆ, ಅದೇ ಮುಂದೆ ಹೊಳಲ್ಕೆರೆ, ಚಿತ್ರದುರ್ಗಕ್ಕೆ ಹೋಗೋದು. ಕೂಡ್ಲಿಗೆ ತಿರುಗೋದೂ ಇದೇ ರಸ್ತೆಯಲ್ಲಿ.

ಇದು ಮೆಕ್ಕೆಜೋಳ, ಭತ್ತ, ಅಡಿಕೆ ಮೂರೂ ಒಟ್ಟಿಗೆ ಬರೋ ಕಾಲ. ಒಳರಸ್ತೆಗಳಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರ್ತಾರೆ. ಹಗಲು ಪರವಾಗಿಲ್ಲ, ಪಕ್ಕದಲ್ಲಿ ಹೋಗಬಹುದು. ಸಂಜೆ ಆದಮೇಲೆ ಅದನ್ನು ರಾಶಿ ಮಾಡಿ, ಮೇಲೆ ಕಪ್ಪು ತಾಡಪಾಲು ಹೊದಿಸಿ, ಸುತ್ತ ಕಲ್ಲು ಇಡ್ತಾರೆ. ಕತ್ತಲಲ್ಲಿ ಕಪ್ಪು ತಾಡಪಾಲು ಕಾಣಲ್ಲ. ಹೋದ ವರ್ಷ ನನ್ನ ತಮ್ಮ ಬೈಕಲ್ಲಿ ಹೋಗಿ ಆ ಕಲ್ಲಿಗೇ ಗುದ್ದಿ ಭುಜದ ಮೂಳೆ ಮುರಿದುಕೊಂಡ.

ಇನ್ನು ಮೂರನೆಯದು, ನಿಮ್ಮ ಸುತ್ತನ್ನೇ ಉಲ್ಟಾ ಮಾಡಿ. ನಿಮ್ಮ ಪ್ಲಾನ್ ಪ್ರಕಾರ ಸೂಳೆಕೆರೆ, ಸಂತೇಬೆನ್ನೂರು ಕತ್ತಲಾದಮೇಲೆ ಬರುತ್ತೆ. ಪುಷ್ಕರಣಿ ಗೇಟು ಹಾಕಿರ್ತಾರೆ, ಕೆರೆ ಕಾಣಲ್ಲ, ಒಳರಸ್ತೆಯ ರಾಶಿಗಳು ನಿಮಗಾಗಿ ಕಾಯ್ತಿರ್ತವೆ. ಬೆಳಗ್ಗೆ ಮೊದಲು ಸಂತೇಬೆನ್ನೂರು, ಆಮೇಲೆ ಸೂಳೆಕೆರೆ, ಚನ್ನಗಿರಿ, ಕೂಡ್ಲಿ, ಊಟಕ್ಕೆ ಶಿವಮೊಗ್ಗ, ಹೊನ್ನಾಳಿ, ಸಂಜೆಗೆ ಹರಿಹರ. ಅಲ್ಲಿಂದ ದಾವಣಗೆರೆ 14 ಕಿಲೋಮೀಟರ್, ದೊಡ್ಡ ರಸ್ತೆ, ಕಣ್ಣು ಮುಚ್ಚಿಕೊಂಡು ಹೋಗಬಹುದು.

ಗಾಡಿಗಿತ್ತಿ
ಕಣ್ಣು ಬಿಟ್ಟುಕೊಂಡೇ ಹೋಗಿ ದಯವಿಟ್ಟು 😄 ಉಳಿದದ್ದಕ್ಕೆ ಪೂರ್ತಿ ಒಪ್ಪಿಗೆ. ಮಧ್ಯಾಹ್ನ ದೇವಸ್ಥಾನಗಳು ಬಾಗಿಲು ಹಾಕೋ ಹೊತ್ತಲ್ಲಿ ನೀವು ಶಿವಮೊಗ್ಗದಲ್ಲಿ ಊಟ ಮಾಡ್ತಿರ್ತೀರಿ, ಅದೂ ಒಂದು ಲಾಭ.

ಗಂಡಸರು ಬರೆಯೋ ಪ್ಲಾನಿನಲ್ಲಿ ಶೌಚಾಲಯದ ಮಾತೇ ಬರಲ್ಲ. ಅಮ್ಮ, ಹೆಂಡತಿ, ಮಗಳು ಇದ್ದಾರೆ. ಚನ್ನಗಿರಿಯಲ್ಲಿ ಒಮ್ಮೆ, ಶಿವಮೊಗ್ಗದಲ್ಲಿ ಒಮ್ಮೆ ಮುಗಿಸಿಕೊಳ್ಳಿ. ಕೆರೆ ಏರಿ, ಸಂಗಮದ ಹತ್ತಿರ ನಂಬಿಕೊಂಡು ಹೋಗಬೇಡಿ. ಮಾವನವರನ್ನು ಕರೆದುಕೊಂಡು ಇದೇ ಸುತ್ತು ಮಾಡಿದ್ದೆ, ಕೊನೆಗೆ ಒಂದು ಮನೆಯವರನ್ನು ಕೇಳಿ ಹೋಗಬೇಕಾಯ್ತು. ಪುಣ್ಯಕ್ಕೆ ಆ ಅಜ್ಜಿ ಕಾಫಿನೂ ಕೊಟ್ಟು ಕಳಿಸಿದರು.

ಹೊಳೆಸಾಲಿನ ಮಗ
@ಜೋಳದಾಳ್ ಜಂಕ್ಷನ್ ತುಂಬಾ ಉಪಕಾರ. ಉಲ್ಟಾ ಸುತ್ತು ನನಗೆ ಹೊಳೆದೇ ಇರಲಿಲ್ಲ. ಲಕ್ಕವಳ್ಳಿ ತೆಗೆದೆ. ಭದ್ರಾವತಿ ಬಗ್ಗೆ ಇನ್ನೂ ಮನಸ್ಸು ಗಟ್ಟಿ ಆಗಿಲ್ಲ.

ಬೆಂಕಿಪುರ
ಗೊತ್ತಿತ್ತು. ಎಲ್ಲರೂ ಮೊದಲು ಕೈಬಿಡೋದು ಭದ್ರಾವತಿನೇ. ಪೇಪರ್ ಮಿಲ್ಲು 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆಗೆ 2023ರ ಜನವರಿಗೆ ನೂರು ವರ್ಷ, ಮುಚ್ಚುವ ತೀರ್ಮಾನ ಬಂದಿದ್ದೂ ಅದೇ ತಿಂಗಳು. ಈಗ ಪ್ರವಾಸಿಗರೂ ಬೈಪಾಸ್ ಮಾಡಿ.

ತುಂಗಾಪಾನ
ಕೋಪ ಮಾಡ್ಕೋಬೇಡಿ ಬೆಂಕಿಪುರ ಅವರೇ. ನಿಮ್ಮೂರಿನ ಹೆಸರಲ್ಲೇ ನದಿ ಇದೆ.

ಬೆಂಕಿಪುರ
ನದಿಯ ಹೆಸರಿಟ್ಟು ಊರಿನ ಹಳೇ ಹೆಸರು ತೆಗೆದರು. ಬೆಂಕಿಪುರ ಇದ್ದದ್ದು ಭದ್ರಾವತಿ ಆಯ್ತು. ಅದಕ್ಕೇ ನನ್ನ ಐಡಿ ಇದು.

ಕಡತಪ್ರಿಯ
ನೀವೆಲ್ಲ ದಾರಿ ಚರ್ಚೆ ಮಾಡ್ತಿದ್ದೀರಿ, ನಾನು ನೀರಿನ ದಾರಿ ಹೇಳ್ತೀನಿ. ಈ ಸುತ್ತಿನ ಸ್ವಾರಸ್ಯ ಇರೋದೇ ಅಲ್ಲಿ.

ತುಂಗೆ ಮತ್ತು ಭದ್ರೆ ಎರಡೂ ಹುಟ್ಟೋದು ಒಂದೇ ಬೆಟ್ಟದಲ್ಲಿ, ವರಾಹ ಪರ್ವತದ ಗಂಗಾಮೂಲದಲ್ಲಿ. ಹುಟ್ಟಿದ ಕೂಡಲೇ ಬೇರೆ ಬೇರೆ ದಿಕ್ಕು ಹಿಡಿಯುತ್ತವೆ. ತುಂಗೆ 147 ಕಿ.ಮೀ. ಹರಿದು ಬರ್ತಾಳೆ, ಭದ್ರೆ 178 ಕಿ.ಮೀ. ಕೂಡೋದು ಕೂಡ್ಲಿಯಲ್ಲಿ, ಊರಿನ ಹೆಸರೇ ಅದು. ಅಲ್ಲಿಂದ ತುಂಗಭದ್ರೆ 531 ಕಿ.ಮೀ. ಹೋಗಿ ಕೃಷ್ಣೆಗೆ ಸೇರ್ತಾಳೆ.

ಜೋಳದಾಳ್ ಅವರು ಹೇಳಿದ ದಾರಿಯಲ್ಲಿ ಹೋದರೆ ಹೊಳೆಹೊನ್ನೂರಿನಲ್ಲಿ ಭದ್ರೆಯನ್ನು ದಾಟ್ತೀರಿ, ಶಿವಮೊಗ್ಗದಲ್ಲಿ ತುಂಗೆಯನ್ನು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು. ಒಂದೇ ದಿನ ಮೂರು ಸೇತುವೆ. ಕೂಡ್ಲಿ ಊರು ಎರಡು ಹೊಳೆಗಳ ನಡುವಿನ ನೆಲದಲ್ಲಿ ಇದೆ. ಮಗಳಿಗೆ ಇದನ್ನು ಮೊದಲೇ ಒಂದು ಹಾಳೆ ಮೇಲೆ ಬರೆದು ತೋರಿಸಿ, ಆನೆಗಿಂತ ಚೆನ್ನಾಗಿ ನೆನಪಿರುತ್ತೆ.

ಇನ್ನೊಂದು. ಸೂಳೆಕೆರೆಯಿಂದ ಹೊರಬೀಳುವ ಹರಿದ್ರಾ ಹೊಳೆ ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆ ಸೇರುತ್ತೆ. ಅಂದರೆ ಬೆಳಗ್ಗೆ ನೀವು ಕೆರೆಯಲ್ಲಿ ನೋಡುವ ನೀರು ಮತ್ತು ಕೂಡ್ಲಿಯಲ್ಲಿ ನೋಡುವ ನೀರು ಎರಡೂ ಸಂಜೆ ನೀವು ನಿಲ್ಲೋ ಜಾಗಕ್ಕೇ ಬರೋದು.

ಹರಿಹರದಾಂವ
ಹರಿದ್ರಾ ಗಿರಿದ್ರಾ ಎಲ್ಲಾ ಪುಸ್ತಕದಾಗ. ನಮ್ಮ ಕಡಿ ಅದಕ್ಕ ಸೂಳೆಕೆರಿ ಹಳ್ಳ ಅಂತಾರ. ಮಳಿಗಾಲದಾಗ ಗದ್ದಿಗೆ ನುಗ್ಗಿದಾಗ ಹರಿದ್ರಾ ಅಂತ ಯಾರೂ ಕರಿಯಂಗಿಲ್ಲ, ಏನು ಕರೀತಾರ ಅನ್ನೋದನ್ನ ಇಲ್ಲಿ ಬರಿಯಾಕ ಬರಂಗಿಲ್ಲ.

ಕಡತಪ್ರಿಯ
😂 ಒಪ್ಪಿದೆ.

ಶರಾವತಿ ಸೊಸೆ
ಒಂದು ವಿನಂತಿ. ಸೂಳೆಕೆರೆ ಬದಲು ಎಲ್ಲರೂ ಶಾಂತಿಸಾಗರ ಅಂತ ಬರೀಬಹುದಲ್ವಾ? ಸರ್ಕಾರಿ ಹೆಸರೂ ಅದೇ. ಮಗಳು "ಅಪ್ಪಾ ಆ ಪದ ಅಂದ್ರೇನು" ಅಂತ ಕೇಳಿದರೆ ಏನು ಹೇಳ್ತೀರಿ?

ಅಡಕೆ ಗೊನೆ
ಚನ್ನಗಿರಿ ತಾಲ್ಲೂಕಿನವನಾಗಿ ಹೇಳ್ತೀನಿ, ಇಲ್ಲಿ ಯಾರಿಗೂ ಆ ಹೆಸರು ಕೆಟ್ಟದ್ದು ಅನ್ನಿಸಿಲ್ಲ. ಬಸ್ಸಲ್ಲಿ ಎಂಬತ್ತು ವರ್ಷದ ಅಜ್ಜಿಯರು "ಸೂಳೆಕೆರೆಗೆ ಒಂದು ಟಿಕೆಟ್ ಕೊಡಪ್ಪ" ಅಂತಾರೆ. ಕತೆ ಗೊತ್ತಿಲ್ಲದವರಿಗೆ ಮುಜುಗರ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಬೇಕಾದ ಜಾಗ ಸೂಳೆಯರದ್ದಾಗಿತ್ತು. ಅವರು ಜಾಗ ಬಿಟ್ಟುಕೊಟ್ಟರು, ಕೇಳಿದ್ದು ಒಂದೇ, ಕೆರೆಗೆ ನಮ್ಮ ಹೆಸರಿಡಿ ಅಂತ. ಊರು ಕಳೆದುಕೊಂಡವರು ಹೆಸರನ್ನಾದರೂ ಉಳಿಸಿಕೊಂಡಿದ್ದರು. ಈಗ ಅದನ್ನೂ ಕಿತ್ಕೊಳ್ಳೋಣ ಅಂತೀರಾ?

ಕಡತಪ್ರಿಯ
ಇನ್ನೊಂದು ಕತೆಯೂ ಇದೆ. ಬ್ರಿಟಿಷ್ ಅಧಿಕಾರಿ ಲೂಯಿ ರೈಸ್ ಬರೆದ ಗೆಜೆಟಿಯರ್ ಕಾಲದಿಂದ ಬಂದದ್ದು. ರಾಜಕುಮಾರಿಗೆ ಒಬ್ಬ ಸಿದ್ಧನ ಜೊತೆ ಸಂಬಂಧ ಬೆಳೆಯಿತು, ತಂದೆ ಕೋಪದಲ್ಲಿ ಆ ಬೈಗುಳದಿಂದ ಕರೆದ, ಅವಳು ಪ್ರಾಯಶ್ಚಿತ್ತಕ್ಕೆ ಕೆರೆ ಕಟ್ಟಿಸಿದಳು ಅಂತ. ಏರಿ ಹತ್ತಿರ ಸಿದ್ಧೇಶ್ವರನ ಗುಡಿ ಇರೋದನ್ನು ಇದಕ್ಕೇ ಜೋಡಿಸ್ತಾರೆ. ಎರಡೂ ಕತೆಗಳೇ. ನನಗೆ ಅಡಕೆ ಗೊನೆ ಅವರ ಕತೆಯೇ ಇಷ್ಟ.

ಶರಾವತಿ ಸೊಸೆ
ಜಾಗ ಬಿಟ್ಟುಕೊಟ್ಟ ಕತೆ ನನಗೆ ಗೊತ್ತಿರಲಿಲ್ಲ. ಸರಿ, ನನ್ನ ವಿನಂತಿ ವಾಪಸ್. ಆದರೆ ಶಾಂತವ್ವನ ಹೆಸರೂ ಇರಲಿ ಬಿಡಿ, ಕಟ್ಟಿಸಿದವಳು ಅವಳೇ ತಾನೆ.

ಬಿಸಿಬಿಸಿ ವಡೆ
ಏಷ್ಯಾದಲ್ಲೇ ಎರಡನೇ ಅತಿ ದೊಡ್ಡ ಕೆರೆ!! ಹೆಮ್ಮೆ ಪಡಿ!!

ಮಂಡಕ್ಕಿ ಮಿರ್ಚಿ
ಬಂತಪ್ಪ ಏಷ್ಯಾ. ನಮ್ಮ ರಾಜ್ಯದಾಗ ಪ್ರತಿ ಜಿಲ್ಲಾಕ್ಕ ಒಂದು "ಏಷ್ಯಾದಾಗ ಎರಡನೇದು" ಐತಿ. ಮೊದಲನೇದು ಯಾವುದು ಅಂತ ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ಲ.

ಕಡತಪ್ರಿಯ
ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳೋದು ಆಂಧ್ರದ ಕಂಭಂ ಕೆರೆಯನ್ನು, ಗುಂಡ್ಲಕಮ್ಮ ಹೊಳೆಗೆ ಕಟ್ಟಿದ್ದು. ಅದನ್ನು ಕಟ್ಟಿಸಿದ್ದೂ ವಿಜಯನಗರದ ಅರಮನೆಯ ಹೆಣ್ಣುಮಗಳು ವರದರಾಜಮ್ಮ ಅಂತ ಐತಿಹ್ಯ. ಏಷ್ಯಾದ ಮಾತು ಬಿಡಿ, ಸೂಳೆಕೆರೆ ತುಂಬಿದಾಗ ನೀರು ನಿಲ್ಲೋದು 6,500 ಎಕರೆಗೂ ಹೆಚ್ಚು ಜಾಗದಲ್ಲಿ. ಉದ್ದ 8 ಕಿ.ಮೀ. ಮೇಲೆ. ಇಷ್ಟು ನೀರನ್ನು ಹಿಡಿದಿರೋ ಏರಿ ನೋಡಿದರೆ ನಗು ಬರುತ್ತೆ, ಅಷ್ಟು ಗಿಡ್ಡ. ಎರಡು ಗುಡ್ಡಗಳ ನಡುವೆ ಹಳ್ಳ ನುಸುಳಿ ಹೋಗೋ ಜಾಗ ಹುಡುಕಿ ಅಲ್ಲಿ ಮಾತ್ರ ಕಟ್ಟಿದ್ದಾರೆ. ಉದ್ದ ಇಲ್ಲ, ದಪ್ಪ ಇದೆ. 12ನೇ ಶತಮಾನದ್ದು ಅಂತಾರೆ. ಸಿದ್ಧನ ತೂಬು, ಬಸವನ ತೂಬು ಅಂತ ಎರಡು ತೂಬು, ಎರಡರಿಂದಲೂ ನಾಲೆ. ಸಾವಿರಕ್ಕೆ ಹತ್ತಿರ ವರ್ಷ ಒಂದು ಮಣ್ಣುಕಲ್ಲಿನ ಏರಿ ನಿಂತಿದೆ ಅಂದರೆ ಜಾಗ ಆರಿಸಿದವರ ಕಣ್ಣಿಗೆ ಕೈಮುಗಿಯಬೇಕು.

ಅಡಕೆ ಗೊನೆ
ಹೂಳು ಎಷ್ಟು ತುಂಬಿದೆ ಅನ್ನೋದೂ ಹೇಳಿ ಸ್ವಾಮಿ. ಎಕರೆ ಲೆಕ್ಕ ಎಲ್ಲರೂ ಹೇಳ್ತಾರೆ, ಆಳದ ಲೆಕ್ಕ ಯಾರೂ ಹೇಳಲ್ಲ. ಈ ಕೆರೆ ನೀರು ನಮ್ಮ ಗದ್ದೆ ತೋಟಕ್ಕೆ ಮಾತ್ರ ಅಲ್ಲ, ಚಿತ್ರದುರ್ಗದವರೆಗೂ ಕುಡಿಯೋಕೆ ಹೋಗುತ್ತೆ. ಒತ್ತುವರಿ ಸರ್ವೆ ಮಾಡಿ ಅಂತ ಎಷ್ಟು ವರ್ಷ ಕೂಗಿದ್ದೀವಿ. ಪ್ರವಾಸಿಗರು ಬಂದು ಫೋಟೋ ತೆಗೆದು ಚಿಪ್ಸ್ ಪ್ಯಾಕೆಟ್ ಬಿಸಾಕಿ ಹೋಗ್ತಾರೆ.

ನಿರ್ವಾಹಕ
ಹೂಳು, ಒತ್ತುವರಿ ಬಗ್ಗೆ ಬೇರೆ ಎಳೆ ತೆರೆಯಿರಿ, ಖಂಡಿತ ಚರ್ಚೆ ಆಗಲಿ. ಇಲ್ಲಿ ಪ್ರಯಾಣ.

ಅಡಕೆ ಗೊನೆ
ಆ ಎಳೆ ಮೂರು ವರ್ಷದಿಂದ ಇದೆ, ನೀವೇ ಬೀಗ ಹಾಕಿದ್ದೀರಿ.

ಮಸ್ಕತ್ತಿನ ಮಲೇಬೆನ್ನೂರು
ಯಾರಾದರೂ ಮಲೇಬೆನ್ನೂರಲ್ಲಿ ಗಾಡಿ ನಿಲ್ಲಿಸಿ ಒಂದು ಫೋಟೋ ಹಾಕ್ರಪ್ಪ. ಬಸ್ ಸ್ಟ್ಯಾಂಡ್ ಸಾಕು. ನಾಲ್ಕು ವರ್ಷ ಆಯ್ತು ಊರು ನೋಡಿ.

ಗಾಡಿಗಿತ್ತಿ
ಹರಿಹರದ ಬಗ್ಗೆ ಒಂದು ಮಾತು. ಸಂಜೆ ಬೆಳಕಲ್ಲಿ ಹರಿಹರೇಶ್ವರ ದೇವಸ್ಥಾನದ ಮುಂದಿನ ಮಂಟಪದೊಳಗೆ ಕೂತುಕೊಳ್ಳಿ. ಕಂಬಗಳನ್ನು ಮಗಳ ಕೈಯಲ್ಲಿ ಮುಟ್ಟಿಸಿ. ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು, ಕನ್ನಡಿ ಥರ ನುಣುಪು.

ಹರಿಹರದಾಂವ
ನಮ್ಮಪ್ಪ ಒಂದು ಜೋಕ್ ಹೊಡೀತಿದ್ದ. ನಮ್ಮ ಊರಾಗ ಲೇತ್ ಕೆಲಸ 1224ರಾಗ ಶುರು ಆತು ಅಂತ. ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಏಳುನೂರು ವರ್ಷ ಬಿಟ್ಟು ಅದೇ ಊರಿಗೆ ಮೈಸೂರು ಕಿರ್ಲೋಸ್ಕರ್ ಬಂದು ಲೇತ್ ಮಿಷಿನ್ನೇ ತಯಾರು ಮಾಡಾಕ ಹತ್ತಿತು. ಫ್ಯಾಕ್ಟರಿ ಮುಚ್ಚಿ ಹೋತು, ಕಂಬ ಇನ್ನೂ ಅದಾವ. ಅಪ್ಪ ಅಲ್ಲೇ ಟರ್ನರ್ ಇದ್ದ. ದೇವಸ್ಥಾನಕ್ಕ ಹೋದಾಗ ದೇವರಿಗೆ ಕೈ ಮುಗಿಯೋದಕಿಂತ ಮೊದಲು ಕಂಬದ ಮ್ಯಾಲೆ ಕೈ ಆಡಿಸಿ "ಫಿನಿಷಿಂಗ್ ನೋಡು" ಅಂತಿದ್ದ.

ಹಂಗ ದೇವರನ್ನೂ ಸರಿಯಾಗಿ ನೋಡ್ರಿ. ಒಂದೇ ಮೂರ್ತಿ, ಬಲಭಾಗ ಶಿವ, ಎಡಭಾಗ ವಿಷ್ಣು. ಗುಹಾಸುರನ್ನ ಕೊಲ್ಲಾಕ ಇಬ್ಬರೂ ಒಂದಾದ್ರು ಅಂತ ಸ್ಥಳಪುರಾಣ. ಹೊಳಿ ಮ್ಯಾಲಿನ ಹಳೇ ಸೇತುವೆನೂ ನೋಡ್ರಿ, 1868ರದ್ದು.

ಬಿಸಿಬಿಸಿ ವಡೆ
ಯಾರೂ ತಿಂಡಿ ವಿಷಯ ಎತ್ತಿಲ್ಲ ಅಂದ್ರೆ ನಂಬೋಕೆ ಆಗ್ತಿಲ್ಲ. ದಾವಣಗೆರೆಯಿಂದ ಹೊರಡೋರು ಬೆಣ್ಣೆದೋಸೆ ತಿನ್ನದೆ ಹೊರಡ್ತಾರಾ?

ಮಂಡಕ್ಕಿ ಮಿರ್ಚಿ
ಬೆಳಿಗ್ಗಿ 6 ಗಂಟಿಗೆ ಯಾವ ಹಂಚು ಕಾದಿರತೈತ್ರಿ? ಬೆಣ್ಣಿದೋಸಿ ಸೋಮವಾರ ಬೆಂಗಳೂರಿಗೆ ಹೊಂಟಾಗ ತಿನ್ನಲಿ. ಭಾನುವಾರ ಸಂಜಿಗೆ ಊರಿಗೆ ಬಂದ ಮ್ಯಾಲೆ ನರ್ಗಿಸ್ ಮಂಡಕ್ಕಿ, ಮಿರ್ಚಿ. ಇದರಾಗ ಚರ್ಚಿ ಇಲ್ಲ.

ತುಂಗಾಪಾನ
ಶಿವಮೊಗ್ಗದಲ್ಲಿ ಊಟ ಮಾಡಿ, ನೀರು ಕುಡೀರಿ. ತುಂಗಾ ಪಾನ, ಗಂಗಾ ಸ್ನಾನ.

ಬೆಂಕಿಪುರ
ಈಗ ತುಂಗೆ ನೀರನ್ನು ನೇರ ಹೊಳೆಯಿಂದ ಕುಡಿದು ತೋರಿಸಿ ನೋಡೋಣ.

ತುಂಗಾಪಾನ
ಬಾಟಲ್ ನೀರು ಕುಡೀರಿ 😐

ಜೋಳದಾಳ್ ಜಂಕ್ಷನ್
ಕೂಡ್ಲಿಯಲ್ಲಿ ಒಂದು ಎಚ್ಚರಿಕೆ. ಬಂಡೆ, ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತೆ. ಎರಡು ಹೊಳೆ ಸೇರೋ ಜಾಗದಲ್ಲಿ ಮೇಲೆ ಶಾಂತವಾಗಿ ಕಂಡರೂ ಒಳಸೆಳೆತ ಇರುತ್ತೆ. ಮಂಡಿನೋವಿನವರು, ಮಗು ದಡದಲ್ಲೇ ಇರಲಿ, ಕಾಲು ತೊಳೆದುಕೊಂಡರೆ ಸಾಕು. ಸಂಗಮೇಶ್ವರ, ರಾಮೇಶ್ವರ ಗುಡಿಗಳು ಮೇಲೆಯೇ ಇವೆ, ಹೆಚ್ಚು ನಡೆಯೋದಿಲ್ಲ.

ಹೊಳೆಸಾಲಿನ ಮಗ
ಎಲ್ಲವನ್ನೂ ಬರೆದುಕೊಂಡಿದ್ದೀನಿ. ಕೊನೆಯ ಪಟ್ಟಿ: ಸಂತೇಬೆನ್ನೂರು, ಸೂಳೆಕೆರೆ, ಚನ್ನಗಿರಿಯಲ್ಲಿ ಚಹಾ, ಕೂಡ್ಲಿ, ಶಿವಮೊಗ್ಗದಲ್ಲಿ ಊಟ ಮಾತ್ರ, ಹೊನ್ನಾಳಿ, ಹರಿಹರ. ಭದ್ರಾವತಿ ಮುಂದಿನ ಸಲ. ಬೆಂಕಿಪುರ ಅವರು ಕ್ಷಮಿಸಬೇಕು.

ಬೆಂಕಿಪುರ
ಹ್ಞೂಂ.

ಎಂಜಿನ್ ಆಯಿಲ್
ತಡವಾಗಿ ನೋಡಿದೆ. ಇದೆಲ್ಲ ಬಿಟ್ಟು ಮಾಸೂರಿನ ಮದಗದ ಕೆರೆಗೆ ಹೋಗಬಹುದಿತ್ತು. ಕುಮುದ್ವತಿ ಹೊಳೆಗೆ ವಿಜಯನಗರದವರು ಕಟ್ಟಿದ್ದು, ಗುಡ್ಡದಷ್ಟು ಎತ್ತರದ ಏರಿ, ಒಡೆದುಹೋದ ಮೇಲೆ ಈಗ ಸ್ವಲ್ಪ ಭಾಗದಲ್ಲಿ ಮಾತ್ರ ನೀರು. ದೊಡ್ಡ ಕೆರೆ ಹೇಗೆ ಸೋಲುತ್ತೆ ಅಂತ ನೋಡಬೇಕಾದರೆ ಅದನ್ನು ನೋಡಬೇಕು.

ಮಂಡಕ್ಕಿ ಮಿರ್ಚಿ
ಲಿಸ್ಟ್ ಫೈನಲ್ ಆಗೈತ್ರಿ. ಬಾಗಿಲು ಹಾಕೇವಿ.

ಹೊಳೆಸಾಲಿನ ಮಗ
ಹೋಗಿ ಬಂದ್ವಿ! ಬೆಂಗಳೂರಿಗೆ ಬಂದು ಒಂದು ವಾರ ಆಯ್ತು, ಬರೆಯೋಕೆ ಈಗ ಕೈಗೂಡಿತು.

6ಕ್ಕೆ ಹೊರಡಲಿಲ್ಲ, ಮಂಡಕ್ಕಿ ಮಿರ್ಚಿ ಅವರು ಗೆದ್ದರು. 7:40 ಆಯ್ತು. ಅಪ್ಪ ಪೂಜೆ ಮುಗಿಸಿ, ಚಿಕ್ಕಮ್ಮ ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿ ಮರೆತು, ಮತ್ತೆ ವಾಪಸ್ ಹೋಗಿ ತಂದು.

ಸಂತೇಬೆನ್ನೂರಿಗೆ ಯಾವ ನಿರೀಕ್ಷೆಯೂ ಇರಲಿಲ್ಲ, ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಚೌಕಾಕಾರದ ಹೊಂಡ, ನಾಲ್ಕೂ ಕಡೆ ಮೆಟ್ಟಿಲು, ನಡುನೀರಲ್ಲಿ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನ (ಪ್ರಯಾಣಿಕರ ತಂಗುಮನೆ). ಹೊಂಡ ಕಟ್ಟಿಸಿದ್ದು ಪಾಳೆಗಾರ ಕೆಂಗ ಹನುಮಪ್ಪ ನಾಯಕ, ಮುಸಾಫಿರ್‌ಖಾನ ಬಿಜಾಪುರದ ರಣದುಲ್ಲಾ ಖಾನನ ಕಾಲದ್ದು ಅಂತ ಅಲ್ಲಿದ್ದವರು ಹೇಳಿದರು. ಜಗಳ ಆಡಿದವರ ಎರಡು ಕಟ್ಟಡ, ನೆರಳು ಒಂದೇ ನೀರಿನಲ್ಲಿ. ಹೆಂಡತಿ 140 ಫೋಟೋ ತೆಗೆದಳು.

ಸೂಳೆಕೆರೆ ತುಂಬಿತ್ತು. ಅಪ್ಪ ಕಾರಿಂದ ಇಳಿದು ಏರಿ ಮೇಲೆ ನಡೆಯೋಕೆ ಶುರು ಮಾಡಿದರು. ಮಂಡಿನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ. ಒಂದು ಕಡೆ ನಿಂತು, ಆಗ ಈ ರಸ್ತೆ ಇರಲಿಲ್ಲ, ಬರೀ ಜಾಡು, ಇಲ್ಲೇ ಸೈಕಲ್ ಒರಗಿಸಿದ್ದು, ಇಲ್ಲೇ ಬುತ್ತಿ ಬಿಚ್ಚಿದ್ದು ಅಂತ ತೋರಿಸಿದರು. ಆಮೇಲೆ ಮಾತಾಡಲಿಲ್ಲ. ಮಗಳು ಹೆಸರಿನ ಅರ್ಥ ಕೇಳಿದಳು. ನಾನು ತಡವರಿಸುತ್ತಿದ್ದೆ, ಅಮ್ಮನೇ ಜಾಗ ಬಿಟ್ಟುಕೊಟ್ಟವರ ಕತೆ ಹೇಳಿದರು (ಹಿಂದಿನ ರಾತ್ರಿ ನನ್ನ ಫೋನಿನಲ್ಲಿ ಈ ಚರ್ಚೆ ಪೂರ್ತಿ ಓದಿದ್ದರಂತೆ). ಮಗಳ ಪ್ರಶ್ನೆ: "ಅವರು ಆಮೇಲೆ ಎಲ್ಲಿಗೆ ಹೋದರು?" ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಚನ್ನಗಿರಿಯಿಂದ ಹೊಳೆಹೊನ್ನೂರುವರೆಗೆ ಎರಡೂ ಕಡೆ ಅಡಿಕೆ ತೋಟ, ಹಳ್ಳಿ ಬಂದಾಗಲೆಲ್ಲ ಅಡಿಕೆ ಬೇಯಿಸೋ ವಾಸನೆ. ಕಿಟಕಿ ಇಳಿಸಿಕೊಂಡೇ ಹೋದ್ವಿ. ಕೂಡ್ಲಿಯಲ್ಲಿ ಬಿಸಿಲು ಜೋರಿತ್ತು. ಕಲ್ಲು ಕಾದು ಕಾಲಿಡೋಕೆ ಆಗಲಿಲ್ಲ, ನೀರಲ್ಲಿ ಕಾಲಿಟ್ಟಾಗ ಜೀವ ಬಂತು. ಯಾವುದು ತುಂಗೆ, ಯಾವುದು ಭದ್ರೆ ಅಂತ ಅಪ್ಪ ಮತ್ತು ಅಮ್ಮನಿಗೆ ವಾದ. ಅಲ್ಲಿದ್ದ ಅರ್ಚಕರು ತೀರ್ಮಾನ ಕೊಟ್ಟರು, ಅಮ್ಮ ಹೇಳಿದ್ದೇ ಸರಿ.

ಶಿವಮೊಗ್ಗ ಊಟ ಮಾಡಿ ಬಿಟ್ಟಾಗ ಮೂರು. ಹೊನ್ನಾಳಿಯಲ್ಲಿ ಅಪ್ಪ ಓದಿದ ಶಾಲೆ ಗುರುತು ಸಿಗಲಿಲ್ಲ. ರಾಯರ ಮಠಕ್ಕೆ ಹೋಗಿ, ಹೊಳೆ ದಂಡೆಯಲ್ಲಿ ಹತ್ತು ನಿಮಿಷ ನಿಂತು ಹೊರಟ್ವಿ. ಸೇತುವೆ ಮೇಲೆ ಮಗಳು "ಮೂರು!" ಅಂತ ಕೂಗಿದಳು.

ಹರಿಹರಕ್ಕೆ ಬಂದಾಗ ಆರು ದಾಟಿತ್ತು. ಬೆಳಕು ಹೋಗಿತ್ತು, ಕಂಬದ ಮೇಲೆ ಕೈ ಆಡಿಸಿದ್ವಿ. ಸೂಳೆಕೆರೆ ಹಳ್ಳ ಹೊಳೆಗೆ ಸೇರೋ ಜಾಗ ನೋಡೋ ಆಸೆ ಇತ್ತು, ಕತ್ತಲಾಯ್ತು, ಬಿಟ್ಟೆ. ಮಲೇಬೆನ್ನೂರಿನ ಈಚೆ ರಸ್ತೆಯಲ್ಲಿ ಎರಡು ಕಡೆ ಮೆಕ್ಕೆಜೋಳದ ರಾಶಿ, ಕಪ್ಪು ತಾಡಪಾಲು. ಜೋಳದಾಳ್ ಅವರು ಹೇಳದೇ ಇದ್ದಿದ್ದರೆ ಮೊದಲನೆಯದಕ್ಕೆ ಗುದ್ದಿರ್ತಿದ್ದೆ.

ಮಸ್ಕತ್ತಿನ ಮಲೇಬೆನ್ನೂರು
ಬಸ್ ಸ್ಟ್ಯಾಂಡ್ ಫೋಟೋ?

ಹೊಳೆಸಾಲಿನ ಮಗ
ತೆಗೆದಿದ್ದೀನಿ ಸಾರ್, ಮುಂದಿನ ಕಾಮೆಂಟಿನಲ್ಲಿ ಹಾಕ್ತೀನಿ. ಸ್ವಲ್ಪ ಮಸುಕಾಗಿದೆ, ಓಡೋ ಕಾರಿಂದ.

ಮಸ್ಕತ್ತಿನ ಮಲೇಬೆನ್ನೂರು
ಮಸುಕಾದ್ರೂ ಪರವಾಗಿಲ್ಲ.

ಜೋಳದಾಳ್ ಜಂಕ್ಷನ್
ಸುರಕ್ಷಿತ ಬಂದಿದ್ದು ಕೇಳಿ ಸಂತೋಷ. ಒಂದು ಡೌಟು. ಹೊನ್ನಾಳಿಯಿಂದ ಸೂಳೆಕೆರೆ ಹೋಗಿ ಬರೋದು ಅಂದರೆ ಆ ಕಾಲದ ಬಾಡಿಗೆ ಸೈಕಲ್ಲಲ್ಲಿ ಕಡಿಮೆ ದೂರ ಅಲ್ಲ. ನಿಮ್ಮ ತಂದೆಯವರು ನಿಜವಾಗಿಯೂ ತುಳಿದಿದ್ದರಾ?

ಹೊಳೆಸಾಲಿನ ಮಗ
ಅದೇ ಈಗ ಮನೆಯಲ್ಲಿ ಗಲಾಟೆ. ಭಾನುವಾರ ರಾತ್ರಿ ಮಿರ್ಚಿ ತಿನ್ನುತ್ತಾ ಅಪ್ಪ ಏರಿಯ ಕತೆ ಮತ್ತೆ ಶುರು ಮಾಡಿದರು. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡು ಹೇಳಿದರು: "ತುಳಿದಿದ್ದು ನಾನು. ಇವನು ಕ್ಯಾರಿಯರ್ ಮೇಲೆ ಬುತ್ತಿ ಹಿಡ್ಕೊಂಡು ಕೂತಿದ್ದ."